ಮೊದಲು ಪಾದ ನೋಡಿ, ಆಮೇಲೆ ಚಪ್ಪಲಿ

ಸಹೋದರಿಯರೇ, ಈ ಪುಟ ತೆರೆದು ಕುಳಿತ ನೀವು ಒಮ್ಮೆ ಎದ್ದು ನಿಮ್ಮ ಮನೆಯ ಮುಂಬಾಗಿಲ ತನಕ ಹೋಗಿ ಬನ್ನಿ. ಜಗಲಿಯಲ್ಲಿ ಬಿಚ್ಚಿಟ್ಟಿರುವ ಚಪ್ಪಲಿಗಳನ್ನು ಒಂದೊಂದಾಗಿ ನೋಡಿ. ಮಗನ ಆಟದ ಶೂ, ಮಗಳ ಶಾಲೆಯ ಕಪ್ಪು ಶೂ, ಯಜಮಾನರ ಚರ್ಮದ ಚಪ್ಪಲಿ. ಇವುಗಳ ನಡುವೆ ಹಿಮ್ಮಡಿ ಸವೆದು ಒಂದು ಬದಿಗೆ ವಾಲಿರುವ, ಕಿತ್ತುಹೋದ ಬಾರನ್ನು ಸೇಫ್ಟಿ ಪಿನ್ನಿನಿಂದ ನಿಲ್ಲಿಸಿರುವ ಆ ಜೋಡಿ ಯಾರದು? ಉತ್ತರ ನಾನು ಹೇಳಬೇಕಾಗಿಲ್ಲ. ಹೆಚ್ಚಿನ ಮನೆಗಳಲ್ಲಿ ಅದು ಮನೆಯೊಡತಿಯದ್ದು. ನನ್ನ ಮನೆಯಲ್ಲೂ ಹಲವು ವರ್ಷ ಹಾಗೆಯೇ ಇತ್ತು.

ಚಪ್ಪಲಿಯ ಬಗ್ಗೆ ಬರೆಯಲು ಏನಿದೆ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಈ ಸಣ್ಣ ವಿಷಯದಲ್ಲಿ ನಾನು ತೋರಿದ ಅಸಡ್ಡೆಗೆ ನನ್ನ ಉಮ್ಮ ತೆತ್ತ ಬೆಲೆ ಸಣ್ಣದಲ್ಲ. ಆದ್ದರಿಂದಲೇ ಇದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ನನ್ನ ಕತೆ. ನಾನು 2008ರಿಂದ ಮಂಗಳೂರಿನ ಹೊರವಲಯದ ಶಾಲೆಯೊಂದರಲ್ಲಿ ಶಿಕ್ಷಕಿ. ಬೆಳಿಗ್ಗೆ ಮನೆಯಿಂದ ಬಸ್ ನಿಲ್ದಾಣದವರೆಗೆ ಹದಿನೈದು ನಿಮಿಷದ ನಡಿಗೆ. ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಅದೃಷ್ಟ. ಶಾಲೆಯಲ್ಲಿ ದಿನಕ್ಕೆ ಆರು ಪೀರಿಯಡ್. ನಲವತ್ತು ಮಕ್ಕಳಿರುವ ತರಗತಿಯಲ್ಲಿ ಕುಳಿತು ಪಾಠ ಮಾಡಲು ಆಗುವುದಿಲ್ಲ. ಸಂಜೆ ಮನೆಗೆ ಬಂದರೆ ಅಡುಗೆಮನೆಯ ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ಮತ್ತೆರಡು ಗಂಟೆ. ಇಷ್ಟು ಹೊತ್ತು ನನ್ನನ್ನು ಹೊರುವ ಪಾದಗಳಿಗೆ ನಾನು ಕೊಡುತ್ತಿದ್ದುದು ಮಾರುಕಟ್ಟೆಯ ಬದಿಯಲ್ಲಿ ರಾಶಿ ಹಾಕಿ ಮಾರುವ ಇನ್ನೂರೈವತ್ತು ರೂಪಾಯಿಯ ಚಪ್ಪಲಿ. ಎರಡೂವರೆ ತಿಂಗಳಲ್ಲಿ ಅದರ ಆಯುಷ್ಯ ಮುಗಿಯುತ್ತಿತ್ತು. ಮತ್ತೆ ಅಂಥದ್ದೇ ಇನ್ನೊಂದು.

ಶಾಲೆ ಆರಂಭವಾಗುವ ಜೂನ್ ತಿಂಗಳಲ್ಲಿ ಮಕ್ಕಳಿಗೆ ಒಳ್ಳೆಯ ಶೂ ತೆಗೆಯಲೇಬೇಕು. ಯಜಮಾನರು ನಾಲ್ಕು ಜನರ ಮಧ್ಯೆ ಹೋಗುವವರು, ಅವರ ಚಪ್ಪಲಿ ಚೆನ್ನಾಗಿರಬೇಕು. ನನ್ನದೇನು, ಉದ್ದದ ಬುರ್ಖಾದ ಕೆಳಗೆ ಯಾರು ನೋಡುತ್ತಾರೆ? ಇದು ನಾನು ನನಗೇ ಹೇಳಿಕೊಳ್ಳುತ್ತಿದ್ದ ಸಮಾಧಾನ. ಯಾರೂ ನನಗೆ ಬೇಡವೆಂದಿರಲಿಲ್ಲ. ನಾನೇ ನನ್ನನ್ನು ಪಟ್ಟಿಯ ಕೊನೆಗೆ ಹಾಕಿಕೊಂಡಿದ್ದೆ. ಅದನ್ನು ತ್ಯಾಗವೆಂದೂ ಭಾವಿಸಿದ್ದೆ.

2013ರ ಮಳೆಗಾಲದಲ್ಲಿ ಒಂದು ದಿನ ಸುಬ್‌ಹಿ ನಮಾಝ್‌ಗೆಂದು ಎದ್ದು ಮೊದಲ ಹೆಜ್ಜೆಯಿಟ್ಟಾಗ ಹಿಮ್ಮಡಿಗೆ ಮುಳ್ಳು ಚುಚ್ಚಿದಂತಾಯಿತು. ಲೈಟ್ ಹಾಕಿ ನೋಡಿದೆ, ಮುಳ್ಳೂ ಇಲ್ಲ, ಗಾಯವೂ ಇಲ್ಲ. ಹತ್ತು ಹೆಜ್ಜೆ ನಡೆದಾಗ ಸ್ವಲ್ಪ ಕಡಿಮೆಯಾಯಿತು. ಮರುದಿನವೂ ಅದೇ. ಕ್ರಮೇಣ ಸಂಜೆಯ ಹೊತ್ತಿಗೂ ನೋವು ಬರತೊಡಗಿತು. ಮುಲಾಮು ಹಚ್ಚಿದೆ, ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಟ್ಟೆ, ನೆರೆಮನೆಯವರು ಹೇಳಿದ ಎಣ್ಣೆಯನ್ನೂ ತಿಕ್ಕಿದೆ. ಹೀಗೆ ನಾಲ್ಕು ತಿಂಗಳು ಕಳೆಯಿತು.

ಕೊನೆಗೆ ಮೂಳೆ ತಜ್ಞರ ಬಳಿಗೆ ಹೋದೆ. ಅವರು ಹಿಮ್ಮಡಿಯನ್ನು ಒಂದು ಕಡೆ ಒತ್ತಿದಾಗ ನನಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಅವರು ಹೇಳಿದ ಮಾತು ನನಗೆ ವಿಚಿತ್ರವೆನಿಸಿತು: "ಹೊರಗೆ ಬಿಟ್ಟಿರುವ ನಿಮ್ಮ ಚಪ್ಪಲಿ ತನ್ನಿ." ಸಂಕೋಚದಿಂದ ತಂದೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಮಡಚಿದರು. ಪುಸ್ತಕದಂತೆ ನಟ್ಟನಡುವೆ ಮಡಚಿಕೊಂಡಿತು. ಬಟ್ಟೆ ಹಿಂಡಿದಂತೆ ತಿರುಚಿದರು. ಸಲೀಸಾಗಿ ತಿರುಚಿಕೊಂಡಿತು. "ಇದು ಚಪ್ಪಲಿಯಲ್ಲ, ಕಾಲಿಗೆ ಕಟ್ಟಿದ ರಟ್ಟು" ಎಂದರು.

ಅವರು ವಿವರಿಸಿದ್ದು ಇಷ್ಟು. ನಮ್ಮ ಅಂಗಾಲಿನಲ್ಲಿ ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಒಂದು ಗಟ್ಟಿ ಪಟ್ಟಿ ಇದೆ. ಪಾದದ ಕಮಾನನ್ನು ಬಿಲ್ಲಿನ ಹೆದೆಯಂತೆ ಹಿಡಿದಿಡುವುದು ಅದೇ. ಆಧಾರವಿಲ್ಲದ ತೆಳು ಚಪ್ಪಲಿಯಲ್ಲಿ ಗಟ್ಟಿ ನೆಲದ ಮೇಲೆ ದಿನವಿಡೀ ನಿಂತರೆ ಆ ಪಟ್ಟಿ ಹಿಮ್ಮಡಿಗೆ ಅಂಟಿರುವ ಜಾಗದಲ್ಲಿ ಪದೇ ಪದೇ ಎಳೆದು ನೋಯುತ್ತದೆ. ರಾತ್ರಿ ಮಲಗಿದಾಗ ಅದು ಬಿಗಿದುಕೊಂಡಿರುತ್ತದೆ, ಬೆಳಿಗ್ಗೆ ಒಮ್ಮೆಲೇ ಹಿಗ್ಗಬೇಕಾಗುತ್ತದೆ. ಹಾಗಾಗಿ ಮೊದಲ ಹೆಜ್ಜೆಯಲ್ಲೇ ಹೆಚ್ಚು ನೋವು. ಮಾತ್ರೆಗಿಂತ ಮುಖ್ಯವಾದದ್ದು ಚಪ್ಪಲಿ ಬದಲಾಯಿಸುವುದು, ಮನೆಯೊಳಗೂ ಮೆತ್ತನೆಯ ಚಪ್ಪಲಿ ಧರಿಸುವುದು, ಹಾಸಿಗೆಯಿಂದ ಏಳುವ ಮುನ್ನವೇ ಪಾದದ ಬೆರಳುಗಳನ್ನು ತನ್ನತ್ತ ಎಳೆದು ಸಡಿಲಿಸುವುದು, ಗೋಡೆಗೆ ಕೈಯಿಟ್ಟು ಮೀನಖಂಡವನ್ನು ಹಿಗ್ಗಿಸುವುದು. ಗುಣವಾಗಲು ತಿಂಗಳುಗಳೇ ಬೇಕು, ತಾಳ್ಮೆ ಇರಲಿ ಎಂದರು.

ಆ ಸಂಜೆ ಯಜಮಾನರಿಗೆ ಹೇಳಿದೆ. ಸಾವಿರದ ನಾನೂರು ರೂಪಾಯಿಯ ಚಪ್ಪಲಿ ಬೇಕು ಎನ್ನುವಾಗ ಏನೋ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ನಾಲ್ಕು ತಿಂಗಳಿನಿಂದ ನೋಯುತ್ತಿದೆಯೆಂದರೆ ಇಷ್ಟು ದಿನ ಯಾಕೆ ಹೇಳಲಿಲ್ಲ?" ನನ್ನಲ್ಲಿ ಉತ್ತರವಿರಲಿಲ್ಲ.

ಹೊಸ ಜೋಡಿ ಬಂತು. ಆರು ತಿಂಗಳಲ್ಲಿ, ಅಲ್‌ಹಮ್ದುಲಿಲ್ಲಾಹ್, ನೋವು ಮಾಯವಾಯಿತು. ಆ ಜೋಡಿ ಎರಡು ವರ್ಷ ಬಾಳಿತು. ನಡುವೆ ಒಮ್ಮೆ ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವ ಹಿರಿಯರು ನೂರೈವತ್ತು ರೂಪಾಯಿಗೆ ಅದಕ್ಕೆ ಹೊಸ ಅಟ್ಟೆ ಹಾಕಿಕೊಟ್ಟರು. ಲೆಕ್ಕ ಹಾಕಿ ನೋಡಿ. ಹಿಂದೆ ವರ್ಷಕ್ಕೆ ಐದು ಜೋಡಿಯಂತೆ ಎರಡು ವರ್ಷಕ್ಕೆ ಎರಡೂವರೆ ಸಾವಿರ ರೂಪಾಯಿ ಹೋಗುತ್ತಿತ್ತು. ಈಗ ಒಂದೂವರೆ ಸಾವಿರದಲ್ಲಿ ಮುಗಿಯಿತು. ಡಾಕ್ಟರರ ಫೀಸನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಇಲ್ಲಿಗೇ ಕತೆ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ನಾನು ಕಲಿತ ಪಾಠ ನನ್ನ ಕಾಲಿಗೆ ಮಾತ್ರ ಸೀಮಿತವಾಯಿತು. ನನ್ನನ್ನು ಹೆತ್ತವಳ ಕಾಲಿನ ಕಡೆ ನಾನು ನೋಡಲೇ ಇಲ್ಲ.

ಉಪ್ಪ ತೀರಿಕೊಂಡಾಗ ನಾವು ಮೂವರು ಮಕ್ಕಳು. ಉಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದರು. ಬಳಿಕ ಊರಿನ ಸರಕಾರಿ ಶಾಲೆಯಲ್ಲಿ ಅಕ್ಷರ ದಾಸೋಹದ ಅಡುಗೆ ಸಹಾಯಕಿಯಾದರು. ದೊಡ್ಡ ಪಾತ್ರೆಗಳ ಮುಂದೆ, ಸದಾ ಒದ್ದೆಯಾಗಿರುವ ನೆಲದ ಮೇಲೆ, ಹವಾಯಿ ಚಪ್ಪಲಿಯಲ್ಲಿ ವರ್ಷಗಟ್ಟಲೆ ನಿಂತರು. ಐವತ್ತು ದಾಟುವ ಹೊತ್ತಿಗೆ ಸಕ್ಕರೆ ಕಾಯಿಲೆ ಬಂತು. ಮಾತ್ರೆ ನುಂಗುತ್ತಾ, ಚಹಾಕ್ಕೆ ಸಕ್ಕರೆ ಬಿಟ್ಟು, ಎಲ್ಲ ಸರಿಯಿದೆ ಎಂದೇ ನಾವೆಲ್ಲ ತಿಳಿದಿದ್ದೆವು.

2016ರ ಈದುಲ್ ಫಿತ್ರ್ ಜುಲೈಯಲ್ಲಿ, ಧೋ ಎಂದು ಮಳೆ ಸುರಿಯುವ ಕಾಲದಲ್ಲಿ ಬಂತು. ಈ ಸಲ ಉಮ್ಮನಿಗೆ ಬರೇ ಬಟ್ಟೆ ಕೊಟ್ಟರೆ ಸಾಲದು, ಚೆಂದದ ಚಪ್ಪಲಿಯನ್ನೂ ಕೊಡಬೇಕು ಎಂದು ಆಸೆಯಾಯಿತು. ಫೋನು ಮಾಡಿ ಅಳತೆ ಕೇಳಿದೆ. "ನನ್ನದು ಯಾವಾಗಲೂ ಐದು" ಎಂದರು. ಮುಂಭಾಗ ಚೂಪಾಗಿರುವ, ಮಣಿ ಕೂರಿಸಿದ ರೆಕ್ಸಿನ್ ಚಪ್ಪಲಿ ತಂದುಕೊಟ್ಟೆ. ಉಮ್ಮನ ಮುಖ ಅರಳಿತು. ನೆರೆಯವರಿಗೆಲ್ಲ ತೋರಿಸಿ "ಮಗಳು ತಂದದ್ದು" ಎಂದರು. ಈದ್ ದಿನ ಮಾತ್ರವಲ್ಲ, ಶಾಲೆಗೆ ಹೋಗುವಾಗಲೂ ಅದನ್ನೇ ಹಾಕಿಕೊಂಡರು. ಮಗಳು ಬೇಸರಪಟ್ಟುಕೊಳ್ಳಬಾರದಲ್ಲ!

ಅದು ಅವರ ಕಾಲಿಗೆ ಬಿಗಿಯಾಗಿತ್ತು. ಅವರದನ್ನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕಿರುಬೆರಳಿನ ಬದಿಯಲ್ಲಿ ಉಜ್ಜಿ ಗುಳ್ಳೆಯಾಯಿತು. ವುಝೂ ಮಾಡುವಾಗ ಉಮ್ಮ ಅದನ್ನು ಕಂಡಿದ್ದರು. ಆದರೆ ನೋವೇ ಇರಲಿಲ್ಲ. ನೋವಿಲ್ಲದ ಮೇಲೆ ಏನು ದೊಡ್ಡ ವಿಷಯ ಎಂದು ಅರಶಿನ ಹಚ್ಚಿ ಸುಮ್ಮನಾದರು. ಗುಳ್ಳೆ ಒಡೆಯಿತು, ಮಳೆಯ ಕೆಸರು ತಾಗಿತು. ನಾನು ತವರಿಗೆ ಹೋದದ್ದು ಮೂರು ವಾರದ ನಂತರ. ಕೋಣೆಯಲ್ಲಿ ಏನೋ ವಾಸನೆ ಬರುತ್ತಿದೆಯಲ್ಲ ಎಂದು ಹುಡುಕಿದೆ. ಅದು ಉಮ್ಮನ ಕಾಲಿನಿಂದ ಬರುತ್ತಿತ್ತು. ಬೆರಳು ಕಪ್ಪಾಗಿತ್ತು.

ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆವು. ಕಿರುಬೆರಳನ್ನು ಕತ್ತರಿಸಿ ತೆಗೆದರು. ಇನ್ನೂ ತಡವಾಗಿದ್ದರೆ ಪಾದವನ್ನೇ ತೆಗೆಯಬೇಕಾಗುತ್ತಿತ್ತು ಎಂದರು. ಉಮ್ಮ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಪ್ರಜ್ಞೆ ಬಂದ ಮೇಲೆ ಅವರು ಕೇಳಿದ್ದು, "ಆ ಚಪ್ಪಲಿಯನ್ನು ಎಸೆಯಬೇಡ, ಹೊಸತು, ಯಾರಿಗಾದರೂ ಕೊಡು" ಎಂದು. ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಹೋಗಿ ಅತ್ತೆ.

ಅಲ್ಲಿನ ಡಾಕ್ಟರು ನನಗೆ ತಿಳಿಸಿದ ಸಂಗತಿಯನ್ನು ಪ್ರತಿಯೊಂದು ಮನೆಯೂ ತಿಳಿದಿರಬೇಕು. ಸಕ್ಕರೆ ಕಾಯಿಲೆ ಹಲವು ವರ್ಷ ಹತೋಟಿಯಲ್ಲಿಲ್ಲದಿದ್ದರೆ ಕಾಲಿನ ನರಗಳು ಸ್ಪರ್ಶಜ್ಞಾನ ಕಳೆದುಕೊಳ್ಳುತ್ತವೆ. ರಕ್ತಸಂಚಾರವೂ ಕುಂದುತ್ತದೆ. ಕಲ್ಲು ಚುಚ್ಚಿದರೂ, ಚಪ್ಪಲಿ ಕಚ್ಚಿದರೂ ಗೊತ್ತಾಗುವುದಿಲ್ಲ. ಆದ ಗಾಯ ಬೇಗ ಮಾಯುವುದೂ ಇಲ್ಲ. ನೋವು ಎಂಬುದು ಅಲ್ಲಾಹನು ಕೊಟ್ಟ ಕಾವಲುಗಾರ. ಆ ಕಾವಲುಗಾರ ನಿದ್ದೆ ಹೋದ ಮನೆಯಲ್ಲಿ ಬೇರೆಯವರು ಎಚ್ಚರವಿರಬೇಕು. ನಾವು ಯಾರೂ ಎಚ್ಚರವಿರಲಿಲ್ಲ.

ಇಂಥ ಪಾದಗಳಿಗೆಂದೇ ಎಂ.ಸಿ.ಆರ್. ಚಪ್ಪಲಿಗಳು ಸಿಗುತ್ತವೆ ಎಂಬುದೂ ನನಗೆ ಗೊತ್ತಾದದ್ದು ಆಗಲೇ. ಸೂಕ್ಷ್ಮವಾದ ಗಾಳಿಗುಳ್ಳೆಗಳಿರುವ ಆ ರಬ್ಬರು ಒತ್ತಡವನ್ನು ಇಡೀ ಪಾದಕ್ಕೆ ಹಂಚುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿದ್ದ ಡಾ. ಪಾಲ್ ಬ್ರಾಂಡ್ ಮತ್ತು ಅವರ ಜೊತೆಗಾರರು ಕಳೆದ ಶತಮಾನದ ಮಧ್ಯಭಾಗದಲ್ಲಿ ಕುಷ್ಠರೋಗದಿಂದ ಸ್ಪರ್ಶಜ್ಞಾನ ಕಳೆದುಕೊಂಡವರ ಪಾದ ಉಳಿಸಲು ಅಂಥ ಪಾದರಕ್ಷೆಗಳನ್ನು ಬಳಕೆಗೆ ತಂದರು. ಈಗ ಅವು ಸಕ್ಕರೆ ಕಾಯಿಲೆಯವರಿಗೂ ಆಸರೆಯಾಗಿವೆ. ನೋಡಲು ಚೆಂದವಿಲ್ಲ ಎನ್ನಬೇಡಿ. ಈಗ ಬಗೆಬಗೆಯ ವಿನ್ಯಾಸಗಳು ಬಂದಿವೆ.

ಉಮ್ಮ ಹೇಳಿದ "ಯಾವಾಗಲೂ ಐದು" ಎಂಬ ಮಾತಿನಲ್ಲೇ ತಪ್ಪಿತ್ತು ಎಂದು ನನಗೆ ಆಮೇಲೆ ಅರಿವಾಯಿತು. ಅದು ಅವರು ಮದುಮಗಳಾಗಿದ್ದಾಗಿನ ಅಳತೆ. ವಯಸ್ಸಾದಂತೆ, ಹೆರಿಗೆಗಳಾದಂತೆ, ದೇಹದ ತೂಕ ಹೆಚ್ಚಿದಂತೆ ಪಾದದ ಕಮಾನು ತಗ್ಗಿ ಪಾದ ಅಗಲವಾಗುತ್ತದೆ, ಉದ್ದವೂ ಆಗಬಹುದು. ಇನ್ನೂ ಒಂದು ವಿಷಯವಿದೆ. ನಮ್ಮ ಅಂಗಡಿಗಳ ಚಪ್ಪಲಿಯ ನಂಬರುಗಳು ಬ್ರಿಟಿಷರ ಅಳತೆಯಿಂದ ಬಂದವು. ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021-22ರಲ್ಲಿ ದೇಶದ ಬೇರೆ ಬೇರೆ ಭಾಗಗಳ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದಾಗ, ನಮ್ಮ ಪಾದಗಳು ಯುರೋಪಿನವರ ಪಾದಗಳಿಗಿಂತ ಅಗಲವಾಗಿವೆ ಎಂದು ಕಂಡುಬಂತು. ಅಗಲ ಸಾಲದೆ ನಾವು ಒಂದು ನಂಬರು ಉದ್ದದ್ದನ್ನು ಕೊಳ್ಳುತ್ತೇವೆ, ಅದು ಹಿಂದೆ ಜಾರುತ್ತದೆ. ಇಲ್ಲವೇ ಬಿಗಿಯಾದುದನ್ನೇ ಹಾಕಿಕೊಂಡು "ಬಳಸುತ್ತಾ ಸಡಿಲವಾಗುತ್ತದೆ" ಎಂದು ನಂಬುತ್ತೇವೆ. ಚರ್ಮವಾದರೆ ಅಗಲದಲ್ಲಿ ತುಸು ಸಡಿಲವಾದೀತು. ರೆಕ್ಸಿನ್ ಆಗುವುದಿಲ್ಲ. ಉದ್ದವಂತೂ ಯಾವುದರಲ್ಲೂ ಹೆಚ್ಚುವುದಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಯಾರಿಗೇ ಚಪ್ಪಲಿ ಕೊಳ್ಳುವುದಿದ್ದರೂ ಒಂದು ಕ್ರಮವಿದೆ. ನೀವೂ ಮಾಡಿ ನೋಡಿ, ಖರ್ಚೇನಿಲ್ಲ.

ಸಂಜೆಯ ಹೊತ್ತು, ದಿನದ ಕೆಲಸ ಮುಗಿದ ಮೇಲೆ, ಒಂದು ಕಾಗದದ ಮೇಲೆ ನಿಂತು ಎರಡೂ ಪಾದಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಸಂಜೆಗೆ ಪಾದ ತುಸು ಊದಿರುತ್ತದೆ, ಅದೇ ನಿಜವಾದ ಅಳತೆ. ಎರಡು ಪಾದಗಳಲ್ಲಿ ಒಂದು ಸ್ವಲ್ಪ ದೊಡ್ಡದಿರುವುದು ಸಾಮಾನ್ಯ, ದೊಡ್ಡದಕ್ಕೆ ಹೊಂದುವಂತೆ ಕೊಳ್ಳಬೇಕು. ಆ ಕಾಗದವನ್ನು ಕತ್ತರಿಸಿ ಅಂಗಡಿಗೆ ಕೊಂಡುಹೋಗಿ. ಚಪ್ಪಲಿಯನ್ನು ಅದರ ಮೇಲಿಟ್ಟು ನೋಡಿ. ಕಾಗದ ಹೊರಗೆ ಇಣುಕಿದರೆ ಪಾದವೂ ಇಣುಕುತ್ತದೆ, ಇಲ್ಲವೇ ನಜ್ಜಾಗುತ್ತದೆ. ಸಾಧ್ಯವಾದರೆ ಚಪ್ಪಲಿ ಬೇಕಾದವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಸರ್‌ಪ್ರೈಸ್ ಉಡುಗೊರೆ ಕೊಡಲು ಬೇರೆ ವಸ್ತುಗಳಿವೆ.

ಹಾಕಿಕೊಂಡು ನಿಂತಾಗ ಅತ್ಯಂತ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗವಿರಬೇಕು. ಶೂ ಆದರೆ ಒಳಗೆ ಬೆರಳುಗಳನ್ನು ಆಡಿಸಲು ಆಗಬೇಕು. ಮಡಚಿದಾಗ ಬೆರಳುಗಳ ಬುಡದಲ್ಲಿ ಬಾಗಬೇಕು, ನಡುವಿನಲ್ಲಲ್ಲ. ತಿರುಚಲು ಹೋದರೆ ಪ್ರತಿರೋಧ ಒಡ್ಡಬೇಕು. ಶೂವಿನ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಗಟ್ಟಿಯಾಗಿರಬೇಕು. ಕೈಯನ್ನು ಒಳಗೆ ಹಾಕಿ ಸವರಿ, ಹೊಲಿಗೆಯ ಗಂಟು, ಮೊಳೆಯ ತುದಿ ತಾಗುತ್ತದೆಯೇ ನೋಡಿ. ಹಿಮ್ಮಡಿ ಎರಡು ಮೂರು ಸೆಂಟಿಮೀಟರಿಗಿಂತ ಎತ್ತರ ಬೇಡ. ಹಿಂಬದಿ ಪಟ್ಟಿ ಇರುವ ಚಪ್ಪಲಿ ಕೆಲಸಕ್ಕೆ ಒಳ್ಳೆಯದು. ಪಟ್ಟಿ ಇಲ್ಲದಿದ್ದರೆ ಜಾರದಂತೆ ಬೆರಳುಗಳು ದಿನವಿಡೀ ಅದನ್ನು ಕಚ್ಚಿ ಹಿಡಿಯಬೇಕಾಗುತ್ತದೆ. ಬಸ್ಸಿನ ಎತ್ತರದ ಮೆಟ್ಟಿಲಿನಲ್ಲಿ ಬುರ್ಖಾದ ಅಂಚು ಹಿಮ್ಮಡಿಗೆ ಸಿಕ್ಕಿ ಎಡವುವ ಅಪಾಯವೂ ಇದೆ. ನಮ್ಮ ಕರಾವಳಿಯ ಮಳೆಗೆ ಆಳವಾದ ಗೆರೆಗಳಿರುವ ರಬ್ಬರಿನ ಅಟ್ಟೆಯೇ ಸೈ. ನುಣುಪಾದ ಅಟ್ಟೆ ಪಾಚಿಗಟ್ಟಿದ ಕೆಂಪು ಕಲ್ಲಿನ ಮೇಲೆ ಜಾರುತ್ತದೆ. ಕೊನೆಗೆ ಅಂಗಡಿಯ ರತ್ನಗಂಬಳಿಯ ಮೇಲಲ್ಲ, ಬರೇ ನೆಲದ ಮೇಲೆ ಹತ್ತು ಹೆಜ್ಜೆ ನಡೆದು ನೋಡಿ. ಅಂಗಡಿಯವರು ಗೊಣಗಿದರೆ ಗೊಣಗಲಿ.

ಬಾಳಿಕೆಯ ಬಗ್ಗೆ ಎರಡು ಮಾತು. ಒಂದೇ ಜೋಡಿಯನ್ನು ದಿನಾ ಹಾಕಿದರೆ ಒಳಗಿನ ಬೆವರು, ಮಳೆನೀರು ಒಣಗಲು ಸಮಯ ಸಿಗುವುದಿಲ್ಲ. ಎರಡು ಜೋಡಿಯನ್ನು ದಿನ ಬಿಟ್ಟು ದಿನ ಹಾಕಿದರೆ ಎರಡೂ ಹೆಚ್ಚು ಬಾಳುತ್ತವೆ. ಒದ್ದೆಯಾದರೆ ಒಲೆಯ ಬಳಿಯಾಗಲಿ ಉರಿಬಿಸಿಲಿನಲ್ಲಾಗಲಿ ಇಡಬೇಡಿ, ಅಂಟು ಬಿಡುತ್ತದೆ, ಚರ್ಮ ಸಿಡಿಯುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ ಗಾಳಿಯಾಡುವ ನೆರಳಿನಲ್ಲಿಡಿ. "ಮದುವೆಗೆ ಹಾಕೋಣ" ಎಂದು ಚಪ್ಪಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ವರ್ಷಗಟ್ಟಲೆ ಕಪಾಟಿನಲ್ಲಿ ಇಡುವವರು ಗಮನಿಸಿ. ಪಿ.ಯು. ಎಂದು ಕರೆಯುವ ಪಾಲಿಯುರಿಥೇನ್ ಅಟ್ಟೆಯನ್ನು ಗಾಳಿಯ ತೇವಾಂಶವೇ ನಿಧಾನವಾಗಿ ಒಳಗಿಂದ ಒಡೆಯುತ್ತದೆ. ನನ್ನ ನಾದಿನಿಯ ಒಂದು ಜೋಡಿ ಹೊಸದರಂತೆಯೇ ಕಾಣುತ್ತಿತ್ತು. ನಿಖಾಹ್‌ನ ಹಾಲ್‌ಗೆ ಹೋಗುವ ದಾರಿಯಲ್ಲಿ ರಸ್ಕಿನಂತೆ ಪುಡಿಪುಡಿಯಾಯಿತು. ಇಡುವುದಕ್ಕಿಂತ ಬಳಸುವುದೇ ಮೇಲು.

ವುಝೂ ಮಾಡಿದ ನಂತರ ಬೆರಳುಗಳ ಸಂದಿಯನ್ನು ಒರೆಸಿ ಒಣಗಿಸದೆ ಶೂ ಹಾಕಬೇಡಿ, ಅಲ್ಲಿ ತೇವ ಉಳಿದರೆ ಹುಣ್ಣಾಗುತ್ತದೆ. ನಾನು ಶಾಲೆಯ ಚೀಲದಲ್ಲಿ ಅದಕ್ಕೆಂದೇ ಒಂದು ಸಣ್ಣ ಹತ್ತಿಯ ಬಟ್ಟೆ ಇಟ್ಟುಕೊಂಡಿದ್ದೇನೆ. ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ ಇಷ್ಟು ಸಾಲದು. ದಿನಾ ರಾತ್ರಿ ಬೆಳಕಿನಲ್ಲಿ ಅವರ ಅಂಗಾಲು, ಬೆರಳ ಸಂದಿ ನೋಡಬೇಕು. ಚಪ್ಪಲಿ ಹಾಕುವ ಮುನ್ನ ಕೊಡವಬೇಕು. ಮನೆಯೊಳಗೂ ಬರಿಗಾಲು ಬೇಡ. ಬಿಸಿನೀರಿನಲ್ಲಿ ಕಾಲು ಮುಳುಗಿಸುವುದು ಬೇಡ, ಸುಟ್ಟರೂ ತಿಳಿಯದು. ಸಣ್ಣ ಗಾಯವಾದರೂ ಅರಶಿನ ಹಚ್ಚಿ ಕಾಯದೆ ಡಾಕ್ಟರಿಗೆ ತೋರಿಸಬೇಕು.

"ಚಪ್ಪಲಿಗೆ ಅಷ್ಟು ಹಣ ಹಾಕುವುದು ದುಂದುವೆಚ್ಚವಲ್ಲವೇ?" ಎಂದು ಒಬ್ಬ ಸಹೋದ್ಯೋಗಿ ಕೇಳಿದ್ದರು. ಇಸ್ಲಾಮ್ ದುಂದುವೆಚ್ಚವನ್ನು ವಿರೋಧಿಸುತ್ತದೆ, ನಿಜ. ಆದರೆ ಯಾವುದು ದುಂದು? ಆರು ಜೋಡಿ ಇದ್ದೂ ಸೀರೆಗೆ ಹೊಂದುವ ಏಳನೆಯದನ್ನು ಕೊಳ್ಳುವುದು ದುಂದು. ದಿನಕ್ಕೆ ಹತ್ತು ಗಂಟೆ ಹೊರುವ ಪಾದಕ್ಕೆ ಒಂದು ಗಟ್ಟಿ ಜೋಡಿ ಕೊಳ್ಳುವುದು ಅಗತ್ಯ. ಪ್ರವಾದಿ(ಸ)ರು ಸ್ವತಃ ತಮ್ಮ ಹರಿದ ಪಾದರಕ್ಷೆಯನ್ನು ಹೊಲಿದುಕೊಳ್ಳುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಅದೇ ಪ್ರವಾದಿ(ಸ)ರು, ಉತ್ತಮವಾದ ಪಾದರಕ್ಷೆಯನ್ನು ಇಷ್ಟಪಡುವುದು ಅಹಂಕಾರವಲ್ಲವೆಂದೂ, ಚಪ್ಪಲಿ ಧರಿಸಿ ನಡೆಯುವವನು ಸವಾರಿ ಮಾಡುವವನಂತೆ ಆಯಾಸದಿಂದ ಪಾರಾಗುತ್ತಾನೆಂದೂ ಕಲಿಸಿದ್ದಾರೆ. ಒಂದೇ ಕಾಲಿಗೆ ಚಪ್ಪಲಿ ಹಾಕಿ ನಡೆಯಬೇಡಿ ಎಂಬಷ್ಟು ಸಣ್ಣ ವಿಷಯದಲ್ಲೂ ನಮಗೆ ಮಾರ್ಗದರ್ಶನವಿದೆ. ನಮ್ಮ ದೇಹಕ್ಕೆ ನಮ್ಮ ಮೇಲೆ ಹಕ್ಕಿದೆ ಎಂದ ಧರ್ಮ ನಮ್ಮದು. ಈ ಪಾದಗಳು ನಮ್ಮ ಸೊತ್ತಲ್ಲ, ಅಮಾನತ್ತು.

ಚಪ್ಪಲಿ ಎಲ್ಲವನ್ನೂ ಸರಿಪಡಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ನಮ್ಮ ನೆರೆಯ ಹುಡುಗಿಯೊಬ್ಬಳು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಗಿರಾಕಿ ಇಲ್ಲದಿದ್ದರೂ ಅವಳು ಕುಳಿತುಕೊಳ್ಳುವಂತಿಲ್ಲ. ಅಂಥವಳಿಗೆ ಒಳ್ಳೆಯ ಚಪ್ಪಲಿಯ ಜೊತೆಗೆ ಒಂದು ಕುರ್ಚಿಯೂ ಬೇಕು. ಕೇರಳದಲ್ಲಿ ಅಂಗಡಿಯ ಕೆಲಸದ ಮಹಿಳೆಯರು ವರ್ಷಗಟ್ಟಲೆ ಹೋರಾಡಿ 2018ರಲ್ಲಿ ಕುಳಿತುಕೊಳ್ಳುವ ಹಕ್ಕನ್ನು ಕಾನೂನಿನಲ್ಲಿ ಪಡೆದರು. 2021ರಲ್ಲಿ ತಮಿಳುನಾಡೂ ಅಂಥ ಕಾನೂನು ಮಾಡಿತು. ನಮ್ಮವರಲ್ಲಿ ಅಂಗಡಿ ಇಟ್ಟುಕೊಂಡವರು ಬಹಳ ಮಂದಿ ಇದ್ದಾರೆ. ಕಾನೂನು ಹೇಳುವ ತನಕ ಕಾಯದೆ ಒಂದು ಸ್ಟೂಲು ಹಾಕಿಕೊಟ್ಟರೆ ಅದೂ ಒಂದು ಸತ್ಕರ್ಮವೇ. ನಮ್ಮ ಮನೆಗೆಲಸಕ್ಕೆ ಬರುವ ಸಹೋದರಿಗೆ ನಾವು ಬಿಟ್ಟ ಹಳೆಯ ಚಪ್ಪಲಿಯನ್ನು ಕೊಡುವ ಬದಲು ಅವಳ ಅಳತೆಯ ಹೊಸ ಜೋಡಿಯನ್ನೇ ಕೊಟ್ಟರೆ ಹೇಗೆ? ನಮ್ಮ ಪಾದದಂತೆ ಸವೆದ ಚಪ್ಪಲಿ ಅವಳ ಪಾದಕ್ಕೆ ಹೊಂದುವುದಿಲ್ಲ.

2019ರ ಆರಂಭದಲ್ಲಿ ಉಮ್ಮನ ಬಹುದಿನದ ಆಸೆಯೊಂದು ಈಡೇರಿತು. ತಮ್ಮನ ಜೊತೆ ಉಮ್ಮ ಮತ್ತು ನಾನು ಉಮ್ರಾಕ್ಕೆ ಹೋದೆವು. ಹೊರಡುವ ಎರಡು ತಿಂಗಳು ಮೊದಲೇ ಡಾಕ್ಟರರಲ್ಲಿ ಕೇಳಿ ಉಮ್ಮನಿಗೆ ಮೆತ್ತನೆಯ ಅಟ್ಟೆಯ ಎರಡು ಜೋಡಿ ತೆಗೆದಿದ್ದೆವು. ದಿನಾ ಅರ್ಧ ಗಂಟೆ ಹಾಕಿ ನಡೆದು ಅಭ್ಯಾಸ ಮಾಡಿಸಿದ್ದೆವು. ಒಂದು ಜೋಡಿಯನ್ನು ಹರಮ್‌ನ ಒಳಗೆಂದೇ ಶುಚಿಯಾಗಿ ಬೇರೆ ಇಟ್ಟಿದ್ದೆವು, ಏಕೆಂದರೆ ಅವರಿಗೆ ಅಮೃತಶಿಲೆಯ ಮೇಲೂ ಬರಿಗಾಲು ಬೇಡವೆಂದು ಡಾಕ್ಟರರ ಕಟ್ಟಪ್ಪಣೆಯಿತ್ತು.

ಸಫಾ ಮತ್ತು ಮರ್ವಾದ ನಡುವೆ ಏಳು ಸಲ ನಡೆದರೆ ಸುಮಾರು ಮೂರು ಕಿಲೋಮೀಟರ್ ಆಗುತ್ತದೆ. ಗಾಲಿಕುರ್ಚಿ ತರಲೇ ಎಂದು ತಮ್ಮ ಕೇಳಿದ. ಉಮ್ಮ ತಲೆಯಾಡಿಸಿದರು. ನನ್ನ ಭುಜ ಹಿಡಿದು ನಿಧಾನವಾಗಿ, ನಡುನಡುವೆ ನಿಂತು, ಏಳನ್ನೂ ಮುಗಿಸಿದರು. ಅವರ ಪಕ್ಕದಲ್ಲಿ ನಡೆಯುವಾಗ ನನಗೆ ಒಂದು ವಿಚಾರ ಹೊಳೆಯಿತು. ಇಲ್ಲಿ ರಾಜರೂ ನಡೆಯುತ್ತಾರೆ, ವಿದ್ವಾಂಸರೂ ನಡೆಯುತ್ತಾರೆ. ಅವರೆಲ್ಲರೂ ನಡೆಯುವುದು ಮಗುವಿನ ನೀರಿಗಾಗಿ ಆ ಬೆಂಗಾಡಿನಲ್ಲಿ ಓಡಿದ ಒಬ್ಬ ತಾಯಿಯ, ಹಝ್ರತ್ ಹಾಜಿರಾ(ಅ)ರ ಹೆಜ್ಜೆಯ ಮೇಲೆ. ಒಬ್ಬ ತಾಯಿಯ ಪಾದಗಳು ಪಟ್ಟ ಶ್ರಮವನ್ನು ಅಲ್ಲಾಹನು ಕಿಯಾಮತ್‌ನವರೆಗೆ ಆರಾಧನೆಯ ಭಾಗವಾಗಿಸಿದ್ದಾನೆ. ನಾವು ನಮ್ಮ ಮನೆಯ ತಾಯಿಯ ಪಾದವನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ಯುದ್ಧಕ್ಕೆ ಹೋಗಲು ಅನುಮತಿ ಕೇಳಿ ಬಂದವರೊಬ್ಬರಲ್ಲಿ ಪ್ರವಾದಿ(ಸ)ರು ತಾಯಿ ಬದುಕಿದ್ದಾರೆಯೇ ಎಂದು ವಿಚಾರಿಸಿ, ಅವರ ಸೇವೆಯಲ್ಲೇ ಇರುವಂತೆ, ಸ್ವರ್ಗವು ಅವರ ಪಾದದಡಿಯಲ್ಲಿದೆಯೆಂದು ತಿಳಿಸಿದ ಘಟನೆ ನಮಗೆಲ್ಲ ಗೊತ್ತು. ಎಷ್ಟು ಭಾಷಣಗಳಲ್ಲಿ ಕೇಳಿಲ್ಲ! ನಾನೂ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೆ. ಆದರೆ ಆ ಪಾದ ಹೇಗಿದೆ, ಅದರ ಅಳತೆ ಎಷ್ಟು, ಅಲ್ಲಿ ಬಿರುಕಿದೆಯೇ, ಗುಳ್ಳೆಯಿದೆಯೇ ಎಂದು ಮಾತ್ರ ನೋಡಿರಲಿಲ್ಲ.

ಈಗ ಉಮ್ಮ ನನ್ನ ಜೊತೆಗೇ ಇದ್ದಾರೆ. ಇಶಾ ನಮಾಝ್ ಮುಗಿದ ಮೇಲೆ ಅವರ ಪಾದವನ್ನು ನನ್ನ ಮಡಿಲಲ್ಲಿಟ್ಟುಕೊಂಡು ಟಾರ್ಚ್ ಹಾಕಿ ನೋಡುತ್ತೇನೆ. ನಾನು ಉತ್ತರ ಪತ್ರಿಕೆ ತಿದ್ದುವುದರಲ್ಲಿ ಮುಳುಗಿದ್ದರೆ ಮಗಳು ನೋಡುತ್ತಾಳೆ. "ದಿನಾ ಏನು ನೋಡುವುದು, ನಾಲ್ಕೇ ಬೆರಳಿರುವುದು" ಎಂದು ಉಮ್ಮ ನಗುತ್ತಾರೆ. ಮಗಳು ಮುಗಿಸಿ ಏಳುವಾಗ ಒಮ್ಮೊಮ್ಮೆ "ನಿಮ್ಮದನ್ನೂ ತೋರಿಸಿ" ಎಂದು ನನ್ನ ಕಡೆ ತಿರುಗುತ್ತಾಳೆ. ಮೊದಲಾಗಿದ್ದರೆ ಬೇಡವೆನ್ನುತ್ತಿದ್ದೆ. ಈಗ ಕಾಲು ಚಾಚುತ್ತೇನೆ.

ಪ್ರಿಯ ಸಹೋದರಿ, ಜಗಲಿಯಲ್ಲಿರುವ ಆ ಸವೆದ ಜೋಡಿ ನಿಮ್ಮದಾಗಿದ್ದರೆ ಈ ತಿಂಗಳು ಪಟ್ಟಿಯಲ್ಲಿ ನಿಮ್ಮ ಹೆಸರನ್ನು ಮೇಲೆ ಬರೆಯಿರಿ. ಅದು ನಿಮ್ಮ ಉಮ್ಮನದ್ದೋ ಅತ್ತೆಯದ್ದೋ ಆಗಿದ್ದರೆ ಇಂದು ರಾತ್ರಿಯೇ ಅವರ ಮುಂದೆ ಕುಳಿತು, ಒಂದು ಕಾಗದ ಮತ್ತು ಪೆನ್ಸಿಲ್ ಹಿಡಿದು, ಆ ಪಾದದ ಸುತ್ತ ಒಂದು ಗೆರೆ ಎಳೆಯಿರಿ. ಅಲ್ಲಾಹನು ನಮ್ಮೆಲ್ಲರ ತಾಯಂದಿರ ಹೆಜ್ಜೆಗಳನ್ನು ಗಟ್ಟಿಯಾಗಿರಿಸಲಿ. ಆಮೀನ್.